ಗುಡ್ಡದ ದಾರಿ ಎಷ್ಟು ಅಗಲ, ಯಾರ ಹೊಣೆ

ಕೊಡಗಿನಲ್ಲೋ ಸಕಲೇಶಪುರದ ಕಡೆಯಲ್ಲೋ 30 ಡಿಗ್ರಿ ಇಳಿಜಾರಿನ ಒಂದು ಗುಡ್ಡ ಇದೆ ಎಂದುಕೊಳ್ಳಿ. ಅದರ ಅಡ್ಡಕ್ಕೆ 9 ಮೀಟರ್ ಅಗಲ ಸಮತಟ್ಟು ಮಾಡಿ ರಸ್ತೆ ತೆಗೆಯಬೇಕು. ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೂ ಒಳಬದಿಯಲ್ಲಿ ಏಳುವ ಧರೆಯ ಎತ್ತರ 5.2 ಮೀಟರ್, ಅಂದರೆ ಸುಮಾರು 17 ಅಡಿ. ನೂರು ಮೀಟರ್ ಉದ್ದಕ್ಕೆ ಹೊರಬೀಳುವ ಮಣ್ಣು 2,300 ಘನ ಮೀಟರಿಗೂ ಹೆಚ್ಚು. ಅಗೆದ ಮಣ್ಣು ಉಬ್ಬುವುದನ್ನು ಲೆಕ್ಕಕ್ಕೆ ಹಿಡಿಯದೆಯೇ, ಹತ್ತು ಘನ ಮೀಟರ್ ಹೊರುವ ಟಿಪ್ಪರಿಗೆ ಅದು 230 ಲೋಡು. ಅದೇ ಗುಡ್ಡದಲ್ಲಿ ಅಷ್ಟೇ ಉದ್ದಕ್ಕೆ 4 ಮೀಟರ್ ಅಗಲ ಮಾತ್ರ ಕಡಿದರೆ ಧರೆ 2.3 ಮೀಟರ್, ಮಣ್ಣು 460 ಘನ ಮೀಟರ್, 46 ಲೋಡು. ಅಗಲ ಅರ್ಧಕ್ಕಿಂತ ತುಸು ಕೆಳಗೆ ಇಳಿಯಿತು, ಕಡಿತ ಐದರಲ್ಲಿ ಒಂದು ಪಾಲಾಯಿತು. ಇಳಿಜಾರಿನಲ್ಲಿ ರಸ್ತೆ ಎರಡು ಪಟ್ಟು ಅಗಲವಾದರೆ ಕಡಿಯುವ ಮಣ್ಣು ನಾಲ್ಕು ಪಟ್ಟಾಗುತ್ತದೆ.

ಅಧಿಕಾರಿಗಳು ಕೇಳುವ ಅಗಲಕ್ಕಿಂತ ಕಿರಿದಾದ ಖಾಸಗಿ ರಸ್ತೆ ಗುಡ್ಡಗಾಡಿನ ಬಡಾವಣೆಗೆ ಬೇಕೆಂದು ಕೇಳುವವರ ಕೈಯಲ್ಲಿರುವ ಅತ್ಯಂತ ಗಟ್ಟಿಯಾದ ವಾದ ಈ ಲೆಕ್ಕ. ಆದರೆ ಅರ್ಜಿಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಅಲ್ಲಿರುವುದು ಗೇಟು, ಕಾವಲುಗಾರ, ಪ್ರಶಾಂತ ವಾತಾವರಣ. ಹೊರಗಿನವರು ಬರಬಾರದು ಎಂಬ ಆಸೆಗೆ ಪರಿಸರದ ಹೆಸರು ಕೊಟ್ಟರೆ ಅಧಿಕಾರಿಗೂ ಗೊತ್ತಾಗುತ್ತದೆ, ಊರಿನವರಿಗೂ ಗೊತ್ತಾಗುತ್ತದೆ. ತೋಟದ ಒಂದು ಭಾಗವನ್ನು ಹತ್ತು ಹನ್ನೆರಡು ಮನೆಗಳಿಗೆ ಹಂಚುವ ಕುಟುಂಬಗಳು, ಒಟ್ಟಿಗೆ ಜಾಗ ಕೊಂಡು ಮನೆ ಕಟ್ಟುವ ಸ್ನೇಹಿತರು, ಅಂಥ ಕಡೆ ಸೈಟು ಕೊಳ್ಳಲು ಹೊರಟವರು, ಇವರಿಗಾಗಿ ಈ ಲೇಖನ. ಗುಡ್ಡಕ್ಕೆ ಕಡಿಮೆ ಗಾಯವಾಗುವುದಾದರೆ, ಬಳಸುವವರು ಕೊನೆಯವರೆಗೆ ಅದರ ಹೊಣೆ ಹೊರುವುದಾದರೆ ಮಾತ್ರ ಖಾಸಗಿ ರಸ್ತೆಗೆ ಸಮರ್ಥನೆ ಉಂಟು. ಎರಡರಲ್ಲಿ ಒಂದು ಇಲ್ಲದಿದ್ದರೂ ಕೇಳಬೇಡಿ.

ಧರೆ ಏಕೆ ಜರಿಯುತ್ತದೆ

ಮಲೆನಾಡಿನವರು ಧರೆ ಎನ್ನುವುದನ್ನು ಕೊಡಗು, ಕರಾವಳಿಯ ಕಡೆ ಬರೆ ಎನ್ನುತ್ತಾರೆ. ಆಗಸ್ಟ್ 2018ರಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮದೆನಾಡು, ಹಟ್ಟಿಹೊಳೆ ಸುತ್ತ ಗುಡ್ಡಗಳೇ ಜಾರಿ ಬಂದವು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಸ್ಥಳ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಕಡಿದದ್ದರ ಕಡೆಗೆ ಬೆರಳು ತೋರಿಸಿತು. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಜರಿದು ಬಿದ್ದದ್ದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಮರುದಿನವೇ ಕೇಂದ್ರ ಸರ್ಕಾರ ಪಶ್ಚಿಮಘಟ್ಟದ 56,825 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸುವ ಕರಡು ಅಧಿಸೂಚನೆಯನ್ನು ಆರನೇ ಸಲ ಹೊರಡಿಸಿತು. ಅದರಲ್ಲಿ 20,668 ಚದರ ಕಿಲೋಮೀಟರ್ ಕರ್ನಾಟಕದ್ದು. ಕಟ್ಟಡ, ಬಡಾವಣೆಗಳ ಮಟ್ಟಿಗೆ ಈ ಕರಡು ತಡೆಯಹೊರಟದ್ದು ದೊಡ್ಡ ಕಟ್ಟಡಗಳನ್ನು, 50 ಹೆಕ್ಟೇರ್ ದಾಟುವ ಟೌನ್‌ಶಿಪ್‌ಗಳನ್ನು. ಐದೆಕರೆಯ ಬಡಾವಣೆ ಈ ಜಾಲದ ಕಣ್ಣಿನಿಂದ ನುಸುಳಿ ಹೋಗುತ್ತದೆ. ಅದಕ್ಕೇ ಸಣ್ಣ ಬಡಾವಣೆಯವರು ತಮ್ಮ ಮಿತಿಯನ್ನು ತಾವೇ ಹಾಕಿಕೊಳ್ಳಬೇಕು.

ಮನೆ ಕಟ್ಟುವಾಗ ಆಗುವ ಕಡಿತ ಒಂದೊಂದು ಜಾಗಕ್ಕೆ ಸೀಮಿತ. ರಸ್ತೆ ಹಾಗಲ್ಲ, ಗುಡ್ಡದ ಸೊಂಟಕ್ಕೆ ಉದ್ದಕ್ಕೂ ಗೆರೆ ಹಾಕಿದಂತೆ. ಮೇಲಿನ ಮಣ್ಣಿಗೆ ಬುಡದ ಆಸರೆ ತಪ್ಪುತ್ತದೆ. ಮೇಲಿನಿಂದ ಹರಡಿಕೊಂಡು ಇಳಿಯುತ್ತಿದ್ದ ನೀರು ರಸ್ತೆಗೆ ಬಂದು ಒಟ್ಟಾಗಿ ಒಂದೇ ಕಡೆ ಧುಮುಕುತ್ತದೆ. ಕಡಿದ ಮಣ್ಣನ್ನು ಟಿಪ್ಪರಿನ ಬಾಡಿಗೆ ಉಳಿಸಲು ಹೊರಬದಿಗೆ ತಳ್ಳಿರುತ್ತಾರೆ. ಬೇರಿಲ್ಲದ, ಕೂರದ ಆ ಮಣ್ಣು ಎರಡು ಮೂರು ಮಳೆಗಾಲ ನೀರು ಕುಡಿದು ಒಂದು ರಾತ್ರಿ ಕೆಳಗಿನ ಗದ್ದೆಗೋ ಮನೆಗೋ ಇಳಿಯುತ್ತದೆ. ಹಿಟಾಚಿ ತಂದವರು ಅಷ್ಟರಲ್ಲಿ ಸೈಟು ಮಾರಿ ಹೋಗಿರುತ್ತಾರೆ.

ಕಾನೂನು ಎಲ್ಲಿ ನಿಂತಿದೆ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ 17ನೇ ಪ್ರಕರಣ ಇರುವುದೇ ಜಾಗವನ್ನು ನಿವೇಶನಗಳಾಗಿ ವಿಭಜಿಸುವುದಕ್ಕೂ ಖಾಸಗಿ ಬೀದಿ ರಚಿಸುವುದಕ್ಕೂ ಮಂಜೂರಾತಿ ಕೊಡುವ ಬಗ್ಗೆ. ಅಂದರೆ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ ನಿಮ್ಮ ಸ್ವಂತ ಜಾಗದಲ್ಲಿ ನೀವೇ ಬೀದಿ ಹಾಕಿಕೊಂಡರೂ ಅಪ್ಪಣೆ ಬೇಕು. ಬಡಾವಣೆಯಾಗಿ ಮಂಜೂರಾತಿ ಪಡೆದರೆ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಪುಕ್ಕಟೆಯಾಗಿ ಬಿಟ್ಟುಕೊಡುವ ಪತ್ರ ಬರೆದುಕೊಡುವುದು ವಾಡಿಕೆಯ ಷರತ್ತು. ಬಿಟ್ಟುಕೊಟ್ಟ ಮೇಲೆ ಆ ರಸ್ತೆ ಸಾರ್ವಜನಿಕರದು. ಗೇಟು ಹಾಕಿ ತಡೆಯುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಕೂಡ ಹೇಳಿದೆ. ಮಾರಾಟದ ಕರಪತ್ರದಲ್ಲಿ ‘ಗೇಟೆಡ್ ಕಮ್ಯುನಿಟಿ’ ಎಂದು ಓದಿ ಸೈಟು ಕೊಳ್ಳುವವರು ಬಿಟ್ಟುಕೊಟ್ಟ ಪತ್ರದ ಪ್ರತಿಯನ್ನು ಮೊದಲು ಕೇಳಿ ನೋಡಬೇಕು.

ಹಾಗಾದರೆ ರಸ್ತೆ ನಿಜಕ್ಕೂ ಖಾಸಗಿಯಾಗಿ ಉಳಿಯುವುದು ಎಲ್ಲಿ? ಜಾಗವನ್ನು ಸೈಟುಗಳಾಗಿ ಒಡೆಯದೆ, ಒಟ್ಟು ಜಾಗದಲ್ಲಿ ಮನೆಗಳ ಗುಂಪು ಕಟ್ಟಿ, ಉಳಿದದ್ದನ್ನೆಲ್ಲ ಎಲ್ಲರೂ ಅವಿಭಜಿತ ಪಾಲಾಗಿ ಇಟ್ಟುಕೊಂಡಾಗ. ಆಗ ಒಳರಸ್ತೆ ಮೆಟ್ಟಿಲು, ಬಾವಿಗಳ ಹಾಗೆ ಸಾಮಾನ್ಯ ಸ್ವತ್ತು. ಗುಡ್ಡದ ಮಟ್ಟಿಗೆ ನಾನು ಮೆಚ್ಚುವುದು ಇದನ್ನೇ. ಸೈಟುಗಳಾಗಿ ಒಡೆದರೆ ಪ್ರತಿ ಸೈಟಿನ ಮುಂದೆ ರಸ್ತೆ ಹಾಯಲೇಬೇಕು. ಒಟ್ಟಾಗಿ ಇಟ್ಟುಕೊಂಡರೆ ಗುಡ್ಡದ ಬುಡದಲ್ಲೋ ನೆತ್ತಿಯ ಸಮತಟ್ಟಿನಲ್ಲೋ ಕಾರು ನಿಲ್ಲಿಸಿ, ಮನೆಗೆ ಮೆಟ್ಟಿಲಿನಲ್ಲಿ ನಡೆದು ಹೋಗುವ ವ್ಯವಸ್ಥೆ ಸಾಧ್ಯ. ಎಷ್ಟೋ ಕಡೆ ರಸ್ತೆಯ ಉದ್ದವನ್ನು ಹೀಗೆ ಬಹಳಷ್ಟು ತಪ್ಪಿಸಬಹುದು. ಜಾಗ 500 ಚದರ ಮೀಟರನ್ನೂ ಮನೆಗಳ ಸಂಖ್ಯೆ ಎಂಟನ್ನೂ ದಾಟಿ, ಅದನ್ನು ಮಾರಾಟಕ್ಕೆ ಇಟ್ಟರೆ 2016ರ ರೇರಾ ಕಾಯ್ದೆಯ ಕೆಳಗೆ ನೋಂದಣಿ ಕಡ್ಡಾಯ. ಸಾಮಾನ್ಯ ಜಾಗಗಳನ್ನು ನಿವಾಸಿಗಳ ಸಂಘಕ್ಕೆ ವರ್ಗಾಯಿಸಿಕೊಡುವ ಹೊಣೆಯೂ ಆ ಕಾಯ್ದೆಯಲ್ಲಿದೆ.

ಭೂಪರಿವರ್ತನೆ, ಮರ ಕಡಿತಲೆಗೆ 1976ರ ಮರ ಸಂರಕ್ಷಣಾ ಅಧಿನಿಯಮದಡಿ ಅರಣ್ಯ ಇಲಾಖೆಯ ಅನುಮತಿ, ಪಂಚಾಯಿತಿಯ ಖಾತೆ ಇವೆಲ್ಲ ಅಗತ್ಯವಿರುವ ಕಡೆ ಎಂದಿನಂತೆ ಆಗಲೇಬೇಕು. ಅದಕ್ಕೆ ವಕೀಲರಿದ್ದಾರೆ.

ಮೊದಲು ಕಿರಿದು ಕೇಳಿ, ಆಮೇಲೆ ಖಾಸಗಿ

ರಸ್ತೆ ಕಿರಿದಾಗಬೇಕಾದರೆ ಅದು ಖಾಸಗಿಯೇ ಆಗಬೇಕೆಂಬ ನಿಯಮ ಎಲ್ಲೂ ಇಲ್ಲ. ಅಮೆರಿಕದ ಸಿಯಾಟಲ್ ನಗರ ತನ್ನದೇ ಒಂದು ಸಾರ್ವಜನಿಕ ಬೀದಿಯನ್ನು 25 ಅಡಿಯಿಂದ 14 ಅಡಿಗೆ ಇಳಿಸಿ, ತುಸು ಬಳುಕಿಸಿ, ಅಂಚಿನಲ್ಲಿ ತಗ್ಗು ತೋಡಿ ಗಿಡ ನೆಟ್ಟಿತು. 2001ರಲ್ಲಿ ಕೆಲಸ ಮುಗಿಯಿತು. ಆಮೇಲೆ ಅಳೆದಾಗ ಬೀದಿಯಿಂದ ಹರಿದು ಹೋಗುವ ಮಳೆನೀರು ಶೇ. 98ರಷ್ಟು ಕಡಿಮೆಯಾಗಿತ್ತು. ಕ್ಯಾಲಿಫೋರ್ನಿಯಾದ ಡೇವಿಸ್ ಊರಿನಲ್ಲಿ 1975ರ ಹೊತ್ತಿಗೆ ಮೈಕೆಲ್ ಮತ್ತು ಜೂಡಿ ಕಾರ್ಬೆಟ್ ದಂಪತಿ ‘ವಿಲೇಜ್ ಹೋಮ್ಸ್’ ಎಂಬ ಬಡಾವಣೆ ಕಟ್ಟತೊಡಗಿದರು. ಅಲ್ಲೂ ಕಿರಿದಾದ ಬೀದಿಗಳು, ಕಾಂಕ್ರೀಟ್ ಕೊಳವೆಯ ಬದಲು ಹುಲ್ಲಿನ ಹಳ್ಳಗಳು. ಊರಿನ ಎಂಜಿನಿಯರುಗಳಿಗೆ ನಂಬಿಕೆ ಇರಲಿಲ್ಲ. ಆದರೆ ಆ ಹಳ್ಳಗಳು ದೊಡ್ಡ ಮಳೆಯನ್ನೂ ತಾಳಿಕೊಂಡವು.

ನಮ್ಮಲ್ಲಿ ಅಧಿಕಾರಿ 9 ಮೀಟರ್ ಬೇಕೇಬೇಕು ಎಂದರೆ ಎದುರಿಗೆ ಇಡಲು ನಮ್ಮದೇ ದೇಶದ ಅಳತೆ ಒಂದಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಗ್ರಾಮೀಣ ರಸ್ತೆ ಕೈಪಿಡಿಯ ಪ್ರಕಾರ ಹಳ್ಳಿಯ ರಸ್ತೆಗೆ ವಾಹನ ಓಡುವ ಅಗಲ 3.75 ಮೀಟರ್. ದಿನಕ್ಕೆ ನೂರಕ್ಕಿಂತ ಕಡಿಮೆ ಮೋಟಾರು ವಾಹನ ಓಡುವ, ಮುಂದೆ ಹೆಚ್ಚುವ ಸಂಭವವೂ ಇಲ್ಲದ ಕಡೆ 3 ಮೀಟರ್ ಸಾಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳು ಈ ಅಳತೆಯಲ್ಲೇ ಆಗಿರುವುದು. ಹನ್ನೆರಡು ಮನೆ, ಮನೆಗೆ ದಿನಕ್ಕೆ ಆರು ಓಡಾಟ ಎಂದರೂ 72. ಒಂದು ಹಳ್ಳಿಗೆ ಸಾಕಾದ ಅಗಲ ಹನ್ನೆರಡು ಮನೆಗೆ ಏಕೆ ಸಾಲದು ಎಂದು ಬರವಣಿಗೆಯಲ್ಲಿ ಕೇಳಿ. ರಸ್ತೆಗೆ ಮೀಸಲಾದ ಜಾಗವೆಂದು ಕಾಗದದ ಮೇಲೆ 9 ಮೀಟರ್ ಬಿಟ್ಟು, ಕಡಿಯುವುದು ಮಾತ್ರ 4 ಮೀಟರ್, ಉಳಿದ 5 ಮೀಟರಿನಲ್ಲಿ ಈಗಿರುವ ಮರ ಹಾಗೇ ಇರುತ್ತದೆ ಎಂಬ ರಾಜಿಯನ್ನೂ ಮುಂದಿಡಬಹುದು. ಇದಕ್ಕೆ ಒಪ್ಪಿದರೆ ನಿಮಗೆ ಖಾಸಗಿ ರಸ್ತೆಯ ಅಗತ್ಯವೇ ಬೀಳದು, ಗುಡ್ಡವೂ ಉಳಿಯಿತು. ಒಪ್ಪದಿದ್ದರೆ ಮಾತ್ರ ಖಾಸಗಿಯ ಮಾತು.

ಆ 72ರ ಲೆಕ್ಕ ನಿಲ್ಲಬೇಕಾದರೆ ಮನೆಗಳ ಸಂಖ್ಯೆಯೂ ನಿಲ್ಲಬೇಕು. ಇವತ್ತು ಹನ್ನೆರಡು ಮನೆ ಎಂದು ಕಿರಿದಾದ ರಸ್ತೆ ಪಡೆದು, ನಾಳೆ ಅದರಲ್ಲಿ ಐದನ್ನು ಹೋಂಸ್ಟೇ ಮಾಡಿದರೆ ವಾರಾಂತ್ಯಕ್ಕೆ ಟೆಂಪೋ ಟ್ರಾವೆಲರುಗಳ ಸಾಲು ನಿಲ್ಲುತ್ತದೆ. ಆದ್ದರಿಂದ ಮತ್ತೆ ವಿಭಜಿಸುವಂತಿಲ್ಲ, ಹೋಂಸ್ಟೇ ನಡೆಸುವಂತಿಲ್ಲ ಎಂಬ ಷರತ್ತು ಪ್ರತಿಯೊಬ್ಬರ ಕ್ರಯಪತ್ರದಲ್ಲೂ ಬರಬೇಕು. ಅರ್ಜಿಯ ಜೊತೆ ಅದರ ಕರಡು ಲಗತ್ತಿಸಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ನೀರಿನ ಲೆಕ್ಕ

ಅರ್ಜಿಯಲ್ಲಿ ಅತಿ ಹೆಚ್ಚು ಪುಟ ತೆಗೆದುಕೊಳ್ಳಬೇಕಾದದ್ದು ನೀರು. ಮುನ್ನೂರು ಮೀಟರ್ ಉದ್ದ, 9 ಮೀಟರ್ ಅಗಲದ ಡಾಂಬರಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 2.7 ಲಕ್ಷ ಲೀಟರ್ ನೀರು. ಕೊಡಗಿನ ಜುಲೈಗೆ ಇಂಥ ದಿನ ಹೊಸದೇನಲ್ಲ. ಅಗಲ 4 ಮೀಟರಾದರೆ 1.2 ಲಕ್ಷ ಲೀಟರ್. ಮೇಲಿನ ಗುಡ್ಡದಿಂದ ರಸ್ತೆಗೆ ಇಳಿದು ಬರುವುದು ಇದಕ್ಕೆ ಸೇರಿಲ್ಲ, ಅದು ಇದಕ್ಕಿಂತ ಎಷ್ಟೋ ಪಟ್ಟು. ಇಷ್ಟು ನೀರು ಎಲ್ಲಿ ಹರಿದು ಎಲ್ಲಿ ಸೇರುತ್ತದೆ ಎಂದು ನಕ್ಷೆಯಲ್ಲಿ ಬಾಣದ ಗುರುತು ಹಾಕಿ ತೋರಿಸದ ರಸ್ತೆಗೆ, ಖಾಸಗಿಯಾಗಲಿ ಸರ್ಕಾರಿಯಾಗಲಿ, ಅಪ್ಪಣೆ ಸಿಗಬಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ನೀರು ಇಂಗಿಸುವುದು ಪರಿಸರಕ್ಕೆ ಒಳ್ಳೆಯದು ಎಂದು ಗುಡ್ಡದ ತುಂಬ ಇಂಗುಗುಂಡಿ ತೋಡಿಸುವವರಿದ್ದಾರೆ. ನೀರು ಇಂಗಿಸಿದ ಸಿಯಾಟಲ್‌ನ ಬೀದಿ ಇದ್ದದ್ದು ಮೆಲ್ಲನೆ ಇಳಿಯುವ ನೆಲದಲ್ಲಿ. ಕಡಿದಾದ ಧರೆಯ ಹಿಂದೆಯೋ ಹೊಸದಾಗಿ ತುಂಬಿದ ಮಣ್ಣಿನ ಮೇಲೋ ನೀರು ಇಂಗಿಸಿದರೆ ಮಣ್ಣಿನ ಭಾರ ಏರುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಕುಸಿತಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಸಮತಟ್ಟಾದ ಕಡೆ ಇಂಗಿಸಿ. ಕಡಿದಾದ ಕಡೆ ನೀರನ್ನು ಹಿಡಿದು, ವೇಗ ಮುರಿದು, ಗಟ್ಟಿ ನೆಲಕ್ಕೋ ಮೊದಲೇ ಇರುವ ತೋಡಿಗೋ ತಲುಪಿಸಿ. ಎರಡು ಚಕ್ರಪಟ್ಟಿ ಕಾಂಕ್ರೀಟ್ ಹಾಕಿ ನಡುವೆ ಹುಲ್ಲು ಬಿಡುವ ರಸ್ತೆ ನೋಡಲು ಚಂದ, ಸಮ ಜಾಗಕ್ಕೆ ಒಳ್ಳೆಯದು. ಏರಿನಲ್ಲಿ ಮಾತ್ರ ನಡುವಿನ ಪಟ್ಟಿಯನ್ನು ನೀರು ಕೊರೆದು ಕಾಲುವೆ ಮಾಡುತ್ತದೆ. ಅಲ್ಲಿ ಪೂರ್ತಿ ಕಾಂಕ್ರೀಟೇ ವಾಸಿ.

ಧರೆಯ ಬುಡಕ್ಕೆ ಕಲ್ಲು ಹಾಸಿದ ಚರಂಡಿ ಇರಲಿ. ಅದರ ನೀರು ತುಂಬ ದೂರ ಓಡಿ ರಭಸ ಹಿಡಿಯುವ ಮೊದಲೇ ಮೋರಿಯ ಮೂಲಕ ರಸ್ತೆಯಡಿ ದಾಟಬೇಕು. ಗುಡ್ಡದಲ್ಲಿ ಸಹಜವಾದ ಕೊರಕಲು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಒಂದೊಂದು ಮೋರಿ. ಬೇಸಿಗೆಯಲ್ಲಿ ಒಣಗಿದೆ ಎಂದು ಯಾವ ಕೊರಕಲನ್ನೂ ಮುಚ್ಚಬೇಡಿ. ಮೋರಿಯ ಬಾಯಿಂದ ನೀರು ಬೀಳುವ ಜಾಗಕ್ಕೆ ದೊಡ್ಡ ಕಲ್ಲುಗಳ ಹಾಸು, ಮೋರಿ ಎಂದೂ ತುಂಬಿದ ಮಣ್ಣಿನ ಮೇಲೆ ತೆರೆಯಕೂಡದು. ಧರೆ ಎತ್ತರವಿದ್ದರೆ ಸಿಮೆಂಟಿನ ಬಿಗಿ ಗೋಡೆಗಿಂತ ತಂತಿ ಜಾಲರಿಯ ಕಲ್ಲುಕಟ್ಟಣೆ ಮೇಲು. ಅದು ನೀರನ್ನು ಹೊರಕ್ಕೆ ಬಿಡುತ್ತದೆ, ತುಸು ಅಲುಗಿದರೂ ಒಡೆಯುವುದಿಲ್ಲ. ಸಿಮೆಂಟ್ ಗೋಡೆಯೇ ಆದರೆ ನೀರು ಸೋರಲು ತೂತುಗಳು, ಹಿಂದೆ ಜಲ್ಲಿಯ ಪದರ ಇರಲೇಬೇಕು. ಇಳಿಜಾರಿನ ಮೈಗೆ ಲಾವಂಚ ನೆಡಿ, ಅದರ ಬೇರು ನೆಟ್ಟಗೆ ಆಳಕ್ಕೆ ಇಳಿದು ಮಣ್ಣನ್ನು ಹಿಡಿದುಕೊಳ್ಳುತ್ತದೆ.

ಕಡಿಯುವ ಕೆಲಸ ಡಿಸೆಂಬರಿನಿಂದ ಮಾರ್ಚಿನೊಳಗೆ ಮುಗಿಯಲಿ. ಏಪ್ರಿಲ್, ಮೇ ತಿಂಗಳು ಚರಂಡಿಗೆ, ಮೋರಿಗೆ, ಗೋಡೆಗೆ. ಮೋರಿ ಇಲ್ಲದ ಹಸಿ ರಸ್ತೆಯನ್ನು ಜೂನ್ ಮಳೆಗೆ ಒಡ್ಡುವುದಾದರೆ ಆ ವರ್ಷ ಕೆಲಸ ಶುರು ಮಾಡದೆ ಇರುವುದೇ ಮೇಲು.

ಅಗ್ನಿಶಾಮಕದ ಬಂಡಿ, ಆಂಬುಲೆನ್ಸು

ಕಿರಿದಾದ ರಸ್ತೆಗೆ ಬರುವ ಮೊದಲ ಆಕ್ಷೇಪ ಇದು, ನ್ಯಾಯವಾದ ಆಕ್ಷೇಪವೂ ಹೌದು. ಉತ್ತರ ಸಿದ್ಧ ಇರಬೇಕು. ಎದುರಿಗೆ ಬರುವ ವಾಹನ ಕಾಣುವ ದೂರದೊಳಗೆ ಒಂದೊಂದು ಕಡೆ ರಸ್ತೆಯನ್ನು ಅಗಲ ಮಾಡಿ ಪಕ್ಕಕ್ಕೆ ಸರಿದು ನಿಲ್ಲುವ ಜಾಗ. ಇದನ್ನು ಗುಡ್ಡ ಸಹಜವಾಗಿ ಚಪ್ಪಟೆಯಾಗಿರುವ ಕಡೆ ಇಡಿ, ಹೊಸದಾಗಿ ಕಡಿಯಬೇಡಿ. ರಸ್ತೆಯ ಕೊನೆಯಲ್ಲಿ ದೊಡ್ಡ ವಾಹನ ಹಿಂದೆ ಮುಂದೆ ಮಾಡಿ ತಿರುಗುವಷ್ಟು ಜಾಗ. ಓಡುವ ಅಗಲದಲ್ಲಿ ಒಂದೂ ಕಾರು ನಿಲ್ಲಿಸದಂತೆ ಕಟ್ಟುನಿಟ್ಟು, ಏಕೆಂದರೆ ಖಾಸಗಿ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸರು ಬಂದು ನಿಮ್ಮ ಪರವಾಗಿ ಗಾಡಿ ಎಳೆಯುವುದಿಲ್ಲ. ಏರು ನೂರು ಮೀಟರಿಗೆ ಎಂಟು ಮೀಟರ್ ಮೀರದಂತೆ ನೋಡಿಕೊಳ್ಳಿ. ನಕ್ಷೆಯನ್ನು ಹತ್ತಿರದ ಅಗ್ನಿಶಾಮಕ ಠಾಣೆಗೆ ತೋರಿಸಿ ಅವರ ಅಭಿಪ್ರಾಯ ಪಡೆದು ಅರ್ಜಿಗೆ ಸೇರಿಸಿ. ರಸ್ತೆ ಕುಸಿದು ಮುಚ್ಚಿದ ದಿನ ಮನೆಯವರು ನಡೆದು ಹೊರಬರಲು ಬೇರೆ ದಿಕ್ಕಿನಲ್ಲಿ ಒಂದು ಕಾಲುದಾರಿಯೂ ಇರಲಿ. 2018ರ ಆಗಸ್ಟಿನಲ್ಲಿ ದಾರಿ ಕಡಿದುಹೋಗಿ ಊರೂರೇ ಸಿಕ್ಕಿಕೊಂಡಿದ್ದವು.

ಊರಿನವರ ದಾರಿ

ರಸ್ತೆ ಖಾಸಗಿಯಾಗುವ ಮೊದಲು ಆ ಜಾಗದಲ್ಲಿ ಯಾರು ನಡೆಯುತ್ತಿದ್ದರು ಎಂದು ನೋಡಿ. ಗ್ರಾಮ ನಕಾಶೆಯಲ್ಲಿ ಗುರುತಿಸಿದ ಬಂಡಿದಾರಿ, ಕಾಲುದಾರಿ, ಸಾರ್ವಜನಿಕ ಬಳಕೆಗೆಂದು ಬಿಟ್ಟ ಬಿ ಖರಾಬಿನ ಹಳ್ಳ ನಿಮ್ಮ ಬೇಲಿಯೊಳಗೆ ಬಂದರೂ ನಿಮ್ಮದಲ್ಲ. ನಕಾಶೆಯಲ್ಲಿ ಇಲ್ಲದ ದಾರಿಗೂ ಹಕ್ಕು ಹುಟ್ಟುತ್ತದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ 20 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕೆಂದು ನಡೆದ ದಾರಿಯನ್ನು ಮುಚ್ಚುವಂತಿಲ್ಲ. ಕಾರ್ಮಿಕರ ಲೈನ್ ಮನೆಯಿಂದ ಬಸ್ ನಿಲ್ದಾಣಕ್ಕೆ ತೋಟದ ನಡುವೆ ಹೋಗುವ ಒಳದಾರಿ, ಮಕ್ಕಳು ಶಾಲೆಗೆ ಹೋಗುವ ದಾರಿ, ಗದ್ದೆಗೆ ಇಳಿಯುವ ದಾರಿ, ದೇವರಕಾಡಿಗೆ ಹೋಗುವ ದಾರಿ. ಕೊಡಗಿನಲ್ಲಿ ಸಾವಿರಕ್ಕೂ ಮೀರಿ ದೇವರಕಾಡುಗಳಿವೆ, ಹಬ್ಬದ ದಿನ ಊರೇ ಅಲ್ಲಿಗೆ ನಡೆಯುತ್ತದೆ. ಆನೆಗಳಿಗೂ ದಾರಿ ಉಂಟು. ಅವು ದಾಟುವ ಕಡೆ ರಸ್ತೆಯ ಉದ್ದಕ್ಕೂ ಬೇಲಿ ಎಳೆದರೆ ಅವು ಪಕ್ಕದವರ ಗದ್ದೆಗೆ ನುಗ್ಗುತ್ತವೆ.

ಕ್ಯಾಲಿಫೋರ್ನಿಯಾದ ‘ಸೀ ರ‍್ಯಾಂಚ್’ ಇದರ ಪಾಠ ಕಲಿಸುತ್ತದೆ. ಸೋನೋಮಾ ಕೌಂಟಿಯ ಹತ್ತು ಮೈಲಿ ಉದ್ದದ ಕಡಲ ದಂಡೆಯಲ್ಲಿ 1960ರ ದಶಕದಲ್ಲಿ ಎದ್ದ ಬಡಾವಣೆ ಅದು. ಭೂದೃಶ್ಯ ಶಿಲ್ಪಿ ಲಾರೆನ್ಸ್ ಹಾಲ್‌ಪ್ರಿನ್ ಗಾಳಿ, ಹುಲ್ಲುಗಾವಲು, ಮರಗಳ ಸಾಲು ಎಲ್ಲವನ್ನೂ ಅಭ್ಯಾಸ ಮಾಡಿ ಯೋಜನೆ ಹಾಕಿಕೊಟ್ಟಿದ್ದರು. ನಿಸರ್ಗದ ಜೊತೆ ಬಾಳುವ ಬಡಾವಣೆಗೆ ಇಂದಿಗೂ ಅದನ್ನೇ ಹೆಸರಿಸುತ್ತಾರೆ. ರಸ್ತೆಗಳು ಖಾಸಗಿ, ನೋಡಿಕೊಳ್ಳುವುದು ನಿವಾಸಿಗಳ ಸಂಘ. ಆದರೆ ಆ ರಸ್ತೆಗಳು ಖಾಸಗಿಯಾದಾಗ ಹತ್ತು ಮೈಲಿ ಕಡಲು ಜನರ ಕೈಗೆ ಎಟುಕದಾಯಿತು. ಎದ್ದ ಪ್ರತಿಭಟನೆ ಕ್ಯಾಲಿಫೋರ್ನಿಯಾದ ಕರಾವಳಿ ಕಾನೂನಿಗೇ ಒಂದು ಪ್ರೇರಣೆಯಾಯಿತು. ವರ್ಷಗಟ್ಟಲೆ ಜಗಳ ನಡೆದು, ಕೊನೆಗೆ 1980ರಲ್ಲಿ ಕಾನೂನು ತಂದು ಕಡಲಿಗೆ ಇಳಿಯುವ ಸಾರ್ವಜನಿಕ ಕಾಲುದಾರಿಗಳನ್ನು ಬಿಡಿಸಬೇಕಾಯಿತು. ಮೊದಲೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಿಮ್ಮ ಅರ್ಜಿಯಲ್ಲಿ, ವಾಹನಕ್ಕೆ ಖಾಸಗಿ, ಕಾಲ್ನಡಿಗೆಗೆ ಎಲ್ಲರಿಗೂ ಮುಕ್ತ ಎಂದು ಬರೆದು ಆ ಕಾಲುದಾರಿಯನ್ನು ನೋಂದಣಿ ಮಾಡಿಸಿಕೊಡಿ. ಗ್ರಾಮಸಭೆಯಲ್ಲಿ ನಿಂತು ಇದನ್ನು ಹೇಳುವ ಧೈರ್ಯ ಇಲ್ಲದಿದ್ದರೆ ಖಾಸಗಿ ರಸ್ತೆಯ ಉದ್ದೇಶವನ್ನೇ ಮತ್ತೊಮ್ಮೆ ಯೋಚಿಸಬೇಕು.

ಹಣ

ಖಾಸಗಿ ರಸ್ತೆಗೆ ಪಂಚಾಯಿತಿ ಡಾಂಬರು ಹಾಕಿಸುವುದಿಲ್ಲ, ಮೋರಿ ಕಟ್ಟಿಕೊಂಡರೆ ಬಂದು ಬಿಡಿಸುವುದಿಲ್ಲ. ಇದನ್ನು ಮರೆತ ಬಡಾವಣೆಗಳು ಹತ್ತು ವರ್ಷಕ್ಕೆ ರಸ್ತೆ ಕೆಟ್ಟಾಗ ಅದೇ ಪಂಚಾಯಿತಿಗೆ ಹೋಗಿ, ಈಗ ನೀವೇ ವಹಿಸಿಕೊಳ್ಳಿ ಎನ್ನುತ್ತವೆ. ಆಗ ಹೊರೆ ಬೀಳುವುದು ಇಡೀ ಊರಿನ ಮೇಲೆ. ಪ್ರಾಧಿಕಾರದವರು ಖಾಸಗಿ ರಸ್ತೆ ಎಂದರೆ ಮುಖ ಸಿಂಡರಿಸುವುದಕ್ಕೆ ಇದೂ ಕಾರಣ.

ಲೆಕ್ಕ ಹೀಗೆ ಮಾಡಿ: ರಸ್ತೆಯನ್ನು ಇವತ್ತು ಮತ್ತೆ ಮಾಡಿಸಲು ಗುತ್ತಿಗೆದಾರ ಹೇಳುವ ಮೊತ್ತವನ್ನು ಅದು ಬಾಳುವ ವರ್ಷಗಳಿಗೆ ಭಾಗಿಸಿ. ಉದಾಹರಣೆಗೆ ಹತ್ತು ಲಕ್ಷ, ಹತ್ತು ವರ್ಷ, ಹನ್ನೆರಡು ಮನೆ ಎಂದುಕೊಂಡರೆ ಮನೆಗೆ ವರ್ಷಕ್ಕೆ 8,333 ರೂಪಾಯಿ. ಮೋರಿ ಸ್ವಚ್ಛತೆ, ಗೋಡೆಯ ದುರಸ್ತಿ, ಮಳೆಗಾಲದ ತುರ್ತು ಕೆಲಸಕ್ಕೆ ಬೇರೆ. ಧರೆ ಜರಿದಾಗ ಮಣ್ಣು ತೆಗೆಸಲು ಜೆಸಿಬಿ ಅವತ್ತೇ ಬರಬೇಕು, ಚಂದಾ ಎತ್ತಿ ಕರೆಸುವಷ್ಟು ಹೊತ್ತು ಇರುವುದಿಲ್ಲ. ಆದ್ದರಿಂದ ಮೊದಲ ಮನೆಯ ಪಾಯ ತೆಗೆಯುವ ಮೊದಲೇ ಸಂಘ ನೋಂದಣಿಯಾಗಿ, ಅದರ ಖಾತೆಯಲ್ಲಿ ಎರಡು ವರ್ಷದ ಮೊತ್ತ ಇರಬೇಕು. ಚಂದಾ ಕೊಡುವ ಹೊಣೆ ಮನೆಯ ಜೊತೆಗೇ ಹೋಗುತ್ತದೆ, ಕೊಂಡವರಿಗೂ ಅನ್ವಯಿಸುತ್ತದೆ ಎಂದು ಕ್ರಯಪತ್ರದಲ್ಲಿ ಬರೆಸಿ. ಕೆಳಗಿನ ಜಮೀನಿನವರಿಗೆ ಮಣ್ಣು ಜರಿದು ನಷ್ಟವಾದರೆ ಸಂಘವೇ ಭರಿಸುತ್ತದೆ ಎಂಬ ಮುಚ್ಚಳಿಕೆಯನ್ನೂ ಕೊಡಬೇಕೆಂದು ನನ್ನ ಅಭಿಪ್ರಾಯ. ಬಹಳ ಜನ ಇದಕ್ಕೆ ಹಿಂಜರಿಯುತ್ತಾರೆ. ರಸ್ತೆ ಗಟ್ಟಿಯಾಗಿದೆ ಎಂದು ನಂಬಿದವರಿಗೆ ಹಿಂಜರಿಕೆ ಏಕೆ?

ಅರ್ಜಿ ಬರೆಯುವ ಮೊದಲು ಮಾಡಬೇಕಾದದ್ದು ಒಂದಿದೆ, ಅದಕ್ಕೆ ಎಂಜಿನಿಯರು ಬೇಡ. ಜುಲೈ ತಿಂಗಳಲ್ಲಿ, ಜಡಿಮಳೆ ಹಿಡಿದು ನಾಲ್ಕಾರು ದಿನ ಆದ ಮೇಲೆ, ಆ ಗುಡ್ಡವನ್ನು ಅಡ್ಡಡ್ಡ ನಡೆಯಿರಿ. ಅಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನೀರು ಎಲ್ಲಿ ಹರಿಯುತ್ತಿದೆಯೋ, ಎಲ್ಲಿ ನೆಲದಿಂದ ಒಸರು ಏಳುತ್ತಿದೆಯೋ, ಎಲ್ಲಿ ಕಾಲು ಹೂಳುತ್ತದೆಯೋ, ಎಲ್ಲಿ ಮರಗಳು ಬುಡದಿಂದ ಬಾಗಿ ಮೇಲೆದ್ದಿವೆಯೋ ಅಲ್ಲೆಲ್ಲ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿ. ಮಳೆ ನಿಂತು ಸರ್ವೆಯರ್ ಬಂದ ದಿನ ಆ ಗೂಟಗಳು ಮೊದಲು ನಕ್ಷೆಗೆ ಏರಲಿ, ರಸ್ತೆಯ ಗೆರೆ ಆಮೇಲೆ.